ಶಿರಸಿಯಲ್ಲಿ ಸೌಟು ಕಡೆಸಿದ್ದು

ಕಾರವಾರದ ಕಡಲು ಚೆನ್ನಾಗಿತ್ತು. ಮುರ್ಡೇಶ್ವರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಎರಡೂ ಊರಿನ ಬಗ್ಗೆ ನನಗೆ ಹೇಳಲು ಇರುವುದು ಇಷ್ಟೇ. ಬರೆಯಬೇಕು ಅನಿಸಿದ್ದು ಶಿರಸಿಯಲ್ಲಿ ಕಣ್ಣೆದುರೇ ತಯಾರಾದ ಒಂದು ಸೌಟಿನ ಬಗ್ಗೆ.

ಸೌಟಿನ ಗಲಾಟೆ ಶುರುವಾದದ್ದು ಕರಾವಳಿಯಲ್ಲೇ. ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಅತ್ತೆ ಮಿರಿಮಿರಿ ಮಿಂಚುವ ಮರದ ಸೌಟು ಕೊಂಡರು. ಕುಮಟೆಯ ನೆಂಟರ ಮನೆಯಲ್ಲಿ ಅದನ್ನು ಕುದಿಯುವ ಸಾಂಬಾರಿಗೆ ಇಳಿಸಿದ್ದೇ ತಡ, ವಾರ್ನಿಶ್ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಅಷ್ಟೂ ಸಾಂಬಾರು ತೆಂಗಿನ ಬುಡಕ್ಕೆ ಹೋಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಡುಗೆಗೆ ಮರದ ಸೌಟು ಕೊಳ್ಳುವವರು ದಯವಿಟ್ಟು ಮೂಗಿಗೆ ಹಿಡಿದು ನೋಡಿ. ಮರದ ವಾಸನೆ ಬರಬೇಕು, ಪೇಂಟ್ ಅಂಗಡಿಯದ್ದಲ್ಲ. ಅರಗಿನ ಬಣ್ಣವೂ ಆಟಿಕೆಗೆ ಚೆಂದ, ಒಲೆಯ ಹತ್ತಿರ ಬೇಡ. ಬಿಸಿ ತಾಗಿದರೆ ಮೆತ್ತಗಾಗುತ್ತದೆ.

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದು ಮಾರಿಕಾಂಬೆಯ ದರ್ಶನ ಮಾಡಿದೆವು. 1688ರಲ್ಲಿ ಕಟ್ಟಿದ ಗುಡಿ. ದೇವಿಯ ಮೂರ್ತಿ ಮರದ್ದು. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಅಮ್ಮ ರಥವೇರಿ ಬಿಡಕಿ ಬಯಲಿಗೆ ಬರುತ್ತಾಳೆ. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರೂ ಈ ಸೀಮೆಯವರೇ. ಆದರೆ ಅತ್ತೆಗೆ ಬೇಕಾಗಿದ್ದು ಗಂಧದ ಆನೆಯಲ್ಲ, ಸೌಟು. ಕೇಳುತ್ತಾ ಕೇಳುತ್ತಾ ಊರಾಚೆಯ ಒಂದು ತಗಡಿನ ಶೆಡ್ಡಿಗೆ ಬಂದೆವು. ಮರದ ತುಂಡನ್ನು ಗರಗರ ತಿರುಗಿಸಿ ಮಂಚದ ಕಾಲು, ತೊಟ್ಟಿಲಿನ ಕಂಬ, ಲಟ್ಟಣಿಗೆ ಕಡೆಯುವ ಲೇತ್ ಯಂತ್ರ ಅಲ್ಲಿತ್ತು.

"ಆಚಾರ್ರೆ, ಪಾಲಿಶ್ ಇಲ್ಲದ ಸೌಟು ಸಿಗಬಹುದಾ?" ಅತ್ತೆ ಕೇಳಿದರು.

"ಪಾಲಿಶ್ ಎಂತಕ್ಕೆ ಮಾರಾಯ್ರೆ? ಕೂತ್ಕೊಳ್ಳಿ, ಕಡೆದೇ ಕೊಡ್ತೇನೆ."

ಒಣಗಿದ ಹಲಸಿನ ತುಂಡೊಂದನ್ನು ಆರಿಸಿದರು. ನಡುವಿನ ತಿರುಳು ಸೇರಿದ ತುಂಡು ಬಿರುಕು ಬಿಡುತ್ತದೆಂದು ಎರಡನ್ನು ಪಕ್ಕಕ್ಕೆ ಎಸೆದರು. ಆರಿಸಿದ ತುಂಡನ್ನು ಲೇತಿನ ಎರಡು ಮೊನೆಗಳ ನಡುವೆ ಬಿಗಿದು ಉಳಿ ಹಿಡಿದರು. ಮೂಲೆಗಳು ಹಾರುವವರೆಗೆ ಟಕಟಕ ಸದ್ದು. ತುಂಡು ದುಂಡಗಾದಂತೆ ಸದ್ದು ನುಣ್ಣಗಾಯಿತು. ಒಂದು ತುದಿಯಲ್ಲಿ ಉಂಡೆ ಮೂಡಿತು. ಹಿಡಿಯನ್ನು ಆಮೇಲೆ ಸಪೂರ ಮಾಡಿದರು. ಮೊದಲೇ ಸಪೂರ ಮಾಡಿದರೆ ನಡುವೆ ನಡುಗಿ ಉಳಿ ಕಚ್ಚುತ್ತದಂತೆ.

ಇಲ್ಲಿಯವರೆಗೆ ನನಗೇನೂ ಆಶ್ಚರ್ಯವಿರಲಿಲ್ಲ. ಇನ್ನು ಉಂಡೆಯನ್ನು ಕೈಯಲ್ಲೇ ಕೊರೆಯುತ್ತಾರೆ ಅಂದುಕೊಂಡೆ. ಅವರು ಗರಗಸದಿಂದ ಉಂಡೆಯ ಒಂದು ಮಗ್ಗುಲನ್ನು ಸೀಳಿ ತೆಗೆದರು. ಆಮೇಲೆ ಮೂಲೆಯಿಂದ ಒಂದು ಮರದ ಚಕ್ರ ತಂದರು. ಅದರಲ್ಲಿ ಸೌಟಿನ ಆಕಾರಕ್ಕೇ ತೋಡಿದ ಹಳ್ಳವಿತ್ತು. ಸೌಟನ್ನು ಅದರೊಳಗೆ ಮಲಗಿಸಿ ಬೆಣೆ ಹೊಡೆದರು. ಉಂಡೆ ಚಕ್ರದ ನಟ್ಟನಡುವೆ, ಹಿಡಿ ಅಂಚಿನ ಕಡೆಗೆ. ಎದುರು ಬದಿಗೆ ತೂಕ ಸರಿಹೋಗಲು ಒಂದು ಕಬ್ಬಿಣದ ಪಟ್ಟಿ. ಚಕ್ರವನ್ನು ಲೇತಿಗೆ ಬಿಗಿದು ನಿಧಾನಕ್ಕೆ ತಿರುಗಿಸಿದರು. ಇಷ್ಟು ಹೊತ್ತು ಉದ್ದಕ್ಕೆ ತಿರುಗುತ್ತಿದ್ದ ಸೌಟು ಈಗ ಅಡ್ಡಕ್ಕೆ ತಿರುಗುತ್ತಿತ್ತು!

"ಮೊದಲು ಈ ಚಕ್ರ ಇರಲಿಲ್ಲ ತಂಗಿ. ಉಂಡೆ ಮಾತ್ರ ಹಿಡಿಸ್ತಿದ್ದೆ, ಹಿಡಿ ಹೊರಗೇ ತಿರುಗ್ತಿತ್ತು."

"ಫ್ಯಾನಿನ ರೆಕ್ಕೆ ತರಹ?"

"ಹಾಂ. ಕಣ್ಣಿಗೇ ಕಾಣೂದಿಲ್ಲ. ಬೆರಳಿಗೆ ತಾಗಿದಾಗ್ಲೇ ಗೊತ್ತಾಗೂದು." ಊದಿಕೊಂಡೇ ಉಳಿದ ಬೆರಳಿನ ಗಂಟು ತೋರಿಸಿದರು.

ಉಳಿ ಅಂಚಿನಿಂದ ನಡುವಿಗೆ ಸರಿದಂತೆಲ್ಲ ಹಳದಿ ಹೊಟ್ಟು ಉದುರಿತು. ಆಗಾಗ ಲೇತ್ ನಿಲ್ಲಿಸಿ, ಗುರುತು ಹಾಕಿದ ಕಡ್ಡಿ ಇಳಿಸಿ ಆಳ ನೋಡುತ್ತಿದ್ದರು. ಜಾಸ್ತಿ ಹೋದರೆ ತಳ ತೂತು. ಅರ್ಧಕ್ಕೆ ಕರೆಂಟ್ ಹೋಯಿತು. ಶಿರಸಿಯಲ್ಲಿ ಅದೇನು ಹೊಸತಲ್ಲ ಬಿಡಿ. ಒಳಗಿಂದ ಕಷಾಯ ಬಂತು.

"ಇಂಥವನ್ನು ಅಂಗಡಿಗೆ ಯಾಕೆ ಕೊಡುವುದಿಲ್ಲ?" ನಾನು ಕೇಳಿದೆ.

"ಕೊಟ್ಟಿದ್ದೆ. ನಾನ್‌ಸ್ಟಿಕ್ ಗೀಚಬಾರದು ಅಂತ ಜನರಿಗೆ ಮರದ್ದೇ ಬೇಕು. ಆದರೆ ಮಿಂಚಬೇಕು. ಮಿಂಚದಿದ್ರೆ ಹಳೇದು ಅಂತಾರೆ."

ಅತ್ತೆ ನನ್ನ ಕಡೆ ನೋಡಲೇ ಇಲ್ಲ.

ಕರೆಂಟ್ ಬಂದ ಮೇಲೆ ಬಟ್ಟಲು ಮುಗಿಯಿತು. ಅದೇ ಹೊಟ್ಟನ್ನು ಹಿಡಿಯಷ್ಟು ತೆಗೆದು, ತಿರುಗುವ ಬಟ್ಟಲಿಗೆ ಒತ್ತಿ ನುಣುಪು ಮಾಡಿದರು. ಮೇಲೆ ಕೊಬ್ಬರಿ ಎಣ್ಣೆ. ತೊಳೆದ ತಕ್ಷಣ ಒರೆಸಬೇಕು, ನೀರಲ್ಲಿ ನೆನೆಹಾಕಬಾರದು ಎಂದು ಅತ್ತೆಗೆ ತಾಕೀತು ಮಾಡಿದರು.

ಒಂದು ತಕರಾರೂ ಇದೆ. ಲೇತಿನ ಸೌಟು ಪೂರ್ತಿ ದುಂಡಗೆ. ಬಡಿಸಲು ಸೊಗಸು, ಪಾತ್ರೆಯ ತಳದ ಮೂಲೆ ಕೆದಕಲು ಸಾಲದು. ಅದಕ್ಕೆ ಕೈಯಲ್ಲಿ ಕೆತ್ತಿದ ಚಪ್ಪಟೆ ಸಟ್ಟುಗವೇ ಸೈ. ಆಚಾರ್ರೂ ಒಪ್ಪಿದರು. ಅತ್ತೆ ಚೌಕಾಸಿ ಮಾಡದೆ ದುಡ್ಡು ಕೊಟ್ಟದ್ದನ್ನು ನಾನು ಮೊದಲ ಸಲ ನೋಡಿದೆ. ಒಂದು ಕಡೆಗೋಲಿಗೂ ಹೇಳಿದರು. ಕೊರಿಯರ್ ಮಾಡಲು ಮಾತ್ರ ಆಚಾರ್ರು ಒಪ್ಪಲಿಲ್ಲ, ಬಂದೇ ಒಯ್ಯಬೇಕಂತೆ.