ಹುಡುಗ ಕೈ ಬಚ್ಚಿಟ್ಟುಕೊಂಡ ಪ್ರಶ್ನೆ

ಫ್ರಾನ್ಸಿನ ಲಿಯೋನ್‌ನ ಒಂದು ಅಡುಗೆಮನೆ, ಈ ವಾರದ ಸಂಗತಿ. ಏಳು ವರ್ಷದ ಹುಡುಗ ಜೇಡಿಮಣ್ಣು ಹಿಡಿದು ಏನೋ ಮಾಡುತ್ತ ಕೂತಿದ್ದ. ಬೆಂಗಳೂರಿಂದ ಬಂದು ಎರಡು ವಾರವಾಗಿದ್ದ ವಿದ್ಯಾರ್ಥಿನಿ ಅಕ್ಕರೆಯಿಂದ ಬಗ್ಗಿ ‘ಕ ಫೆ-ತ್ಯು?’ ಅಂದಳು. ಹುಡುಗ ತಟ್ಟನೆ ಕೈ ಬೆನ್ನ ಹಿಂದೆ ಸರಿಸಿ ‘ರ‍್ಯಾಂ!’ ಅಂದ. ಏನಿಲ್ಲ!

ಅವಳು ಕೇಳಿದ್ದು ‘ಏನ್ ಮಾಡ್ತಿದ್ದೀಯ ಪುಟ್ಟಾ’ ಅಂತ. ಅವನ ಕಿವಿಗೆ ಬಿದ್ದದ್ದು ‘ಏನು ಮಾಡುತ್ತಿರುವೆ?’. ವ್ಯಾಕರಣದಲ್ಲಿ ಕುಂದಿಲ್ಲ. ತಪ್ಪೂ ಅವಳದಲ್ಲ, ಕ್ರಿಯಾಪದವನ್ನು ‘ತ್ಯು’ಗಿಂತ (ನೀನು) ಮುಂದೆ ತಂದರೆ ವಿನಯ ಎಂದು ಕಲಿಸುವ ಮೇಷ್ಟ್ರುಗಳದು.

ಫ್ರೆಂಚರ ಪ್ರಶ್ನೆಗೆ ಮೂರು ಉಡುಪು. ‘ತ್ಯು ವ್ಯಾಂ?’ (ಬರ್ತೀಯಾ?) ಅನ್ನುವಾಗ ಪದಗಳು ಅಲುಗುವುದಿಲ್ಲ, ದನಿ ಮಾತ್ರ ಕೊನೆಗೆ ಏರುತ್ತದೆ. ಮನೆ, ಬೀದಿ, ಆಫೀಸು, ಎಲ್ಲೆಡೆ ಇದೇ. ‘ಎಸ್ಕ ತ್ಯು ವ್ಯಾಂ?’ನಲ್ಲಿ ಮುಂದೆ ‘ಎಸ್ಕ’ ಸಿಕ್ಕಿಸಿದರೆ ಸಾಕು, ಹೊಸಬರಿಗೆ ಇದಕ್ಕಿಂತ ಕ್ಷೇಮದ ದಾರಿಯಿಲ್ಲ. ‘ವ್ಯಾಂ-ತ್ಯು?’ ಎಂಬ ತಿರುವುಮುರುವು ಅರ್ಜಿ, ಪ್ರಬಂಧ, ಸಂದರ್ಶನಗಳ ಭಾಷೆ. ‘ಕೊಮಾಂ ತಲೇ-ವೂ?’ (ಹೇಗಿದ್ದೀರಿ?) ಥರದ ಹಳೆಯ ಅಚ್ಚುಗಳು ಮಾತ್ರ ಮಾತಿನಲ್ಲೂ ಉಳಿದಿವೆ.

ತಿರುಗಿಸುವಾಗ ಎಡವುವ ಜಾಗಗಳೂ ಇವೆ. ‘ಪಾರ್ಲ್’ (ಮಾತಾಡ್ತಾನೆ) ಮತ್ತು ‘ಇಲ್’ (ಅವನು) ಸೇರುವಾಗ ನಡುವೆ ಒಂದು ‘ತ್’ ಬೇಕು: ‘ಪಾರ್ಲ್-ತ್-ಇಲ್’, ‘ವಾ-ತ್-ಇಲ್’ (ಹೋಗ್ತಾನಾ?). ಬರವಣಿಗೆಯಲ್ಲಿ ಅದರ ಎರಡೂ ಕಡೆ ಅಡ್ಡಗೆರೆ. ‘ಪ್ರಾಂ-ತಿಲ್’ (ತಗೊಳ್ತಾನಾ?) ಅನ್ನುವಾಗ ಬರೆದಿರುವ ‘ಡಿ’ ಕೂಡ ‘ತ್’ ಎಂದೇ ಕೇಳಿಸುತ್ತದೆ. ‘ನಾನು’ ಜೊತೆ ‘ಪ್ವೀ-ಜ್’ನಂಥ (ಮಾಡ್ಬಹುದಾ?) ನಾಲ್ಕಾರು ರೂಪ ಬಿಟ್ಟರೆ ತಿರುಗಿಸುವ ಗೋಜೇ ಬೇಡ, ‘ಎಸ್ಕ’ ಹಾಕಿ.

ಕನ್ನಡಿಗರಿಗೆ ಇಲ್ಲೊಂದು ಪುಕ್ಕಟೆ ಲಾಭವಿದೆ, ಯಾರೂ ಹೇಳಿಕೊಡುವುದಿಲ್ಲ. ‘ನೀನು ಎಲ್ಲಿರೋದು’ ಅನ್ನುವಾಗ ನಾವು ‘ಎಲ್ಲಿ’ಯನ್ನು ಎತ್ತಿ ಮುಂದೆ ಇಡಬೇಕಿಲ್ಲ. ‘ತ್ಯು ಅಬೀತ್ ಊ?’ನಲ್ಲೂ ‘ಊ’ ಕೊನೆಯಲ್ಲೇ ಹಾಯಾಗಿರುತ್ತದೆ. ನೆನಪಿಡಬೇಕಾದ್ದು ಒಂದೇ: ‘ಏನು’ ಎಂಬ ‘ಕ’ ಹಿಂದಕ್ಕೆ ಹೋದರೆ ‘ಕ್ವಾ’ ಆಗುತ್ತದೆ, ‘ತ್ಯು ಫೆ ಕ್ವಾ?’. ‘ಪುರ್ಕ್ವಾ’ (ಯಾಕೆ) ಮಾತ್ರ ಸಾಮಾನ್ಯವಾಗಿ ಮುಂದೆಯೇ ಕೂರುವ ಹಟಮಾರಿ.

ಹಾಗಾದರೆ ವಿನಯ ಎಲ್ಲಿದೆ? ‘ವೂ’ (ನೀವು) ಎಂಬ ಬಹುವಚನದಲ್ಲಿ. ಅಂಗಡಿಯ ಬಾಗಿಲಲ್ಲೇ ಹೇಳುವ ‘ಬೋಂಜೂರ್’ನಲ್ಲಿ, ಅದನ್ನು ನುಂಗಿ ಎಷ್ಟು ಶಿಷ್ಟವಾಗಿ ಪ್ರಶ್ನೆ ಕೇಳಿದರೂ ಒರಟೇ. ಮತ್ತೆ ‘ವೂ ಝೋರ‍್ಯೇ ಲರ್?’ (ಗಂಟೆ ಎಷ್ಟಾಯಿತು ಹೇಳ್ತೀರಾ?) ಎಂಬ ಸಂಭಾವನಾರ್ಥದ ಕ್ರಿಯಾಪದದಲ್ಲಿ. ಇದರಲ್ಲಿ ಯಾವ ಪದವೂ ತಿರುಗಿಲ್ಲ, ಗಮನಿಸಿ. ತಿರುವುಮುರುವು ತರುವುದು ದೂರವನ್ನು. ದೂರ ಮರ್ಯಾದೆಯಾಗಿ ಕಾಣುವುದು ಮಂತ್ರಿಯ ಮುಂದೆ. ಅಡುಗೆಮನೆಯಲ್ಲಿ ಅದು ಗದರಿಕೆ.

ಮಾರನೇ ದಿನ ಹುಡುಗ ತಾನಾಗಿ ಬಂದ. ಅವಳ ಕೈಲಿದ್ದ ಉಪ್ಪಿನಕಾಯಿ ಬಾಟ್ಲಿಗೆ ಬೆರಳು ತೋರಿಸಿ ಎರಡೇ ಅಕ್ಷರ ಕೇಳಿದ: ‘ಸೆ ಕ್ವಾ?’ (ಇದೇನು?)