ಟೆಂಟಿಗೆ ಸ್ಪ್ರೇಯರ್ ಬ್ಯಾಟರಿ

ಟೆಂಟ್ ಕೊಳ್ಳುವವರು ಮೊದಲು ನೋಡುವುದು ಮಳೆ ತಡೆಯುತ್ತಾ ಅಂತ. ಆಮೇಲೆ ಎಷ್ಟು ಜನ ಹಿಡಿಸುತ್ತಾರೆ ಅಂತ. ಲೈಟಿನ ಯೋಚನೆ ಬರುವುದು ಕತ್ತಲಾದ ಮೇಲೆ. ಆಗ ಎಲ್ಲರೂ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಒಬ್ಬರ ಕಣ್ಣಿಗೆ ಇನ್ನೊಬ್ಬರು ಬಿಡುತ್ತಾ ಕೂತಿರುತ್ತಾರೆ.

ಮೇ ಕೊನೆಯಲ್ಲಿ ಸಾಗರದ ಹತ್ತಿರದ ಅಕ್ಕನ ಮನೆಗೆ ಹೊರಟಾಗ ನಾನು ಟೆಂಟಿಗಿಂತ ಮೊದಲು ಲೈಟಿನ ಸಾಮಾನು ಕಟ್ಟಿಕೊಂಡೆ. ಅಕ್ಕನ ಮಗ, ಮಗಳು ಇಬ್ಬರೂ ರಜೆ ಶುರುವಾದಾಗಿನಿಂದ ಟೆಂಟ್ ಟೆಂಟ್ ಅಂತ ಜಪ ಮಾಡುತ್ತಿದ್ದರು. ಕಾಡಿನೊಳಗೆ ಹೋಗಿ ಟೆಂಟ್ ಹೊಡೆಯಬೇಕು ಅಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆ ರಗಳೆಯೇ ಬೇಡ ಅಂತ ಭಾವನ ಬ್ಯಾಣವನ್ನೇ, ಅಂದರೆ ತೋಟದ ಪಕ್ಕದ ಹುಲ್ಲುಗಾವಲನ್ನೇ, ಆರಿಸಿಕೊಂಡೆವು. ಮನೆ ಹಿಂದೆ ಅಡಿಕೆ ತೋಟ, ಅದರ ಪಕ್ಕ ಏರಿದರೆ ಬ್ಯಾಣ, ಆಚೆ ಇಳಿದರೆ ಶರಾವತಿಯ ಹಿನ್ನೀರು. ಆ ಹೊತ್ತಿಗೆ ನೀರು ಹಿಂದೆ ಸರಿದು, ಮುಳುಗಿದ ಕಾಡಿನ ಬೊಡ್ಡೆಗಳು ಕೆಂಪು ಮಣ್ಣಿನಲ್ಲಿ ಎದ್ದು ನಿಂತಿರುತ್ತವೆ.

ಶಿವಮೊಗ್ಗದ ನೆಹರೂ ರೋಡ್ ಕಡೆಯ ಅಂಗಡಿಯಲ್ಲಿ ಕ್ಯಾಂಪಿಂಗ್ ಲೈಟ್ ಕೇಳಿದ್ದೆ. ಅಂಗಡಿಯವರು ಒಂದೊಂದೇ ಹಚ್ಚಿ ತೋರಿಸಿದರು. ಒಂದಕ್ಕಿಂತ ಒಂದು ಜೋರು. 'ಇದು ಇಡೀ ಗದ್ದೆಗೆ ಸಾಕು ಸಾರ್' ಅಂದರು. ನನಗೆ ಬೇಕಿದ್ದಿದ್ದು ಗದ್ದೆಗಲ್ಲ, ಆರು ಅಡಿ ಉದ್ದದ ಬಟ್ಟೆಯ ಗೂಡಿಗೆ. ಕೊನೆಗೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ತೆಗೆದುಕೊಂಡೆ. ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ), ಮೇಲೆ ಸಿಲಿಕೋನ್ ಹಚ್ಚಿದ್ದು. ಮಲೆನಾಡಿನ ಥಂಡಿಗೆ ಸಿಲಿಕೋನ್ ಇಲ್ಲದ ಸ್ಟ್ರಿಪ್ ಒಂದು ಮಳೆಗಾಲಕ್ಕೇ ಕಿಲುಬು ಹಿಡಿಯುತ್ತದೆ.

ಪವರ್ ಬ್ಯಾಂಕ್ ಇತ್ತಲ್ವಾ, ಅದರಲ್ಲೇ ಆಗ್ತಿರಲಿಲ್ವಾ ಅಂತ ಕೇಳಬಹುದು. ಆಗುತ್ತೆ. 20,000 ಎಂಎಎಚ್ ಅಂತ ಮೇಲೆ ಬರೆದಿರುವುದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಅದು 5 ವೋಲ್ಟಾಗಿ ಹೊರಗೆ ಬರುವಾಗ 13,000ದ ಆಸುಪಾಸಿಗೆ ಇಳಿಯುತ್ತದೆ. ಆದರೂ ಒಂದು ರಾತ್ರಿಗೆ ಧಾರಾಳ. ತಕರಾರು ಬೇರೆ. ಅದನ್ನು ಮಾಡಿರುವುದು ಫೋನಿಗಾಗಿ. ತೀರಾ ಕಡಿಮೆ ಕರೆಂಟ್ ಎಳೆದರೆ ಫೋನ್ ಫುಲ್ ಆಯ್ತು ಅಂದುಕೊಂಡು ತಾನೇ ಆಫ್ ಆಗುತ್ತದೆ. ಅಕ್ಕನ ಮಗಳು ತಂದಿದ್ದ ಸಣ್ಣ ಸೀರಿಯಲ್ ಲೈಟಿಗೆ ಅದೇ ಆಯ್ತು. ಹಚ್ಚಿದ ಸ್ವಲ್ಪ ಹೊತ್ತಿಗೇ ಢಮಾರ್. ಗುಂಡಿ ಒತ್ತಿದಳು, ಮತ್ತೆ ಆರಿತು. 'ಲೈಟೇ ಸರಿ ಇಲ್ಲ ಮಾವ' ಅಂತ ಮುಖ ಊದಿಸಿಕೊಂಡಳು. ಪಕ್ಕದ ತೂತಿಗೆ ನಿನ್ನಮ್ಮನ ಫೋನ್ ಚುಚ್ಚು ಅಂದೆ. ಉರಿಯಿತು, ಫೋನ್ ಫುಲ್ ಆಗುವ ತನಕ.

ನನ್ನ ಕಣ್ಣಿದ್ದದ್ದು ಭಾವನ ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್ ಮೇಲೆ. ಅದರ ಬುಡದಲ್ಲಿ 12 ವೋಲ್ಟ್, 8 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಇರುತ್ತದೆ. ಸೀಲ್ ಆಗಿರುವ ಲೆಡ್ ಆ್ಯಸಿಡ್, ಎರಡು ಕೆ.ಜಿ.ಗೂ ಜಾಸ್ತಿ ತೂಕ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಇದು ಹುಚ್ಚಾಟ. ಮನೆಯಿಂದ ಇನ್ನೂರು ಹೆಜ್ಜೆ ದೂರದ ಟೆಂಟಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಭಾವ ಮೊದಲು ಒಪ್ಪಲಿಲ್ಲ. 'ನಾಳೆ ಬೆಳಿಗ್ಗೆ ಔಷಧಿ ಹೊಡೆಯೋದಿದೆ ಮಾರಾಯ, ನೀನು ಖಾಲಿ ಮಾಡಿಟ್ರೆ?' ಅಂದರು.

ಲೆಕ್ಕ ಹೇಳಿದೆ. ನಾನು ತಂದ ಸ್ಟ್ರಿಪ್ಪಿನಲ್ಲಿ ಮೀಟರಿಗೆ 60 ಎಲ್‌ಇಡಿ, 4.8 ವ್ಯಾಟ್. ಅಂದರೆ ಮೀಟರಿಗೆ 0.4 ಆಂಪಿಯರ್. ಎರಡು ಟೆಂಟಿಗೆ ಅರ್ಧರ್ಧ ಮೀಟರ್ ಹಾಕಿದರೆ ಹತ್ತು ಗಂಟೆ ಉರಿದರೂ 4 ಎಎಚ್. ಅರ್ಧ ಬ್ಯಾಟರಿ ಹಾಗೇ ಉಳಿಯುತ್ತದೆ. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ತಳಮುಟ್ಟ ಖಾಲಿ ಮಾಡಿದರೆ ಆಯುಸ್ಸು ಕಡಿಮೆ, ಅರ್ಧಕ್ಕೆ ನಿಲ್ಲಿಸಿದರೆ ಬಹುಕಾಲ ಬರುತ್ತದೆ. ಭಾವನಿಗೆ ಲೆಕ್ಕ ಹಿಡಿಸಿತು. ಆದರೂ ಬ್ಯಾಟರಿ ಕೊಡುವಾಗ ಮಗು ಕೊಟ್ಟಂತೆ ಕೊಟ್ಟರು.

ಒಂದು ಮಾತು ಇಲ್ಲೇ ಹೇಳಬೇಕು. ಬ್ಯಾಟರಿಯ ಪ್ಲಸ್ ವೈರಿಗೆ ಕಡ್ಡಾಯವಾಗಿ ಒಂದು ಫ್ಯೂಸ್ ಹಾಕಿ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯಲ್ಲ, ಅದಕ್ಕೇ ಜನ ಸಸಾರ ಮಾಡುತ್ತಾರೆ. ಆದರೆ ಎರಡು ವೈರ್ ಒಂದಕ್ಕೊಂದು ತಾಗಿದರೆ ಇಷ್ಟೇ ಬ್ಯಾಟರಿ ವೈರನ್ನು ಕೆಂಪಗೆ ಕಾಯಿಸಿಬಿಡುತ್ತದೆ. ಟೆಂಟಿನ ಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್, ಬೇಗ ಕರಗಿ ಮೈಗೆ ಅಂಟುವಂಥದ್ದು. ನಾನು 2 ಆಂಪಿಯರಿನ ಗಾಜಿನ ಫ್ಯೂಸ್ ಹಾಕಿದ್ದೆ. ಬ್ಯಾಟರಿಯನ್ನು ಟೆಂಟಿನ ಹೊರಗೆ ಬಕೆಟ್ಟಿನಲ್ಲಿಟ್ಟು ಮೇಲೆ ಇನ್ನೊಂದು ಬಕೆಟ್ ಮಗುಚಿದೆ. ವೈರ್ ಒಳಗೆ ಹೋಗುವ ಜಾಗದಲ್ಲಿ ಒಂದು ಗೇಣು ಜೋಲು ಬಿಟ್ಟೆ. ಮಳೆ ನೀರು ವೈರ್ ಹಿಡಿದುಕೊಂಡು ಬಂದರೆ ಆ ಜೋಲಿನ ತುದಿಯಲ್ಲೇ ತೊಟ್ಟಿಕ್ಕಿ ಬೀಳಲಿ, ಹಾಸಿಗೆಗೆ ಬರುವುದು ಬೇಡ ಅಂತ.

ಲೈಟ್ ಎಲ್ಲಿ ಕಟ್ಟಬೇಕು ಅನ್ನುವುದು ಸಂಜೆ ಏಳಕ್ಕೆ ತಾನಾಗಿ ಗೊತ್ತಾಯ್ತು. ಅಕ್ಕನ ಮಗ ಮನೆಯ ಚಾರ್ಜಿಂಗ್ ಲೈಟನ್ನು ತಂದು ತನ್ನ ಟೆಂಟಿನ ನಡುವೆ ನೆಲದ ಮೇಲಿಟ್ಟಿದ್ದ. ಹೊರಗಿನಿಂದ ನೋಡಿದರೆ ಅವನು ಅಂಗಿ ಬದಲಿಸುವುದು, ತಲೆ ಕೆರೆದುಕೊಳ್ಳುವುದು, ಮೂಗಿಗೆ ಬೆರಳು ಹಾಕುವುದು ಎಲ್ಲವೂ ಆಳೆತ್ತರದ ನೆರಳಾಗಿ ಬಟ್ಟೆಯ ಮೇಲೆ ಕಾಣುತ್ತಿತ್ತು. ಅವನ ತಂಗಿ ಬಿದ್ದು ಬಿದ್ದು ನಕ್ಕಳು. ಅಕ್ಕ ಮಾತ್ರ, 'ನಾನು ಈ ಟೆಂಟಲ್ಲಿ ಸೀರೆ ಬದಲಿಸೋಲ್ಲಪ್ಪ' ಅಂದಳು. ದೀಪ ಕೆಳಗಿದ್ದರೆ ನೆರಳು ಗೋಡೆ ಹತ್ತುತ್ತದೆ. ದೀಪ ನೆತ್ತಿಯ ಮೇಲಿದ್ದರೆ ನೆರಳು ಹಾಸಿಗೆಗೆ ಬೀಳುತ್ತದೆ. ಸ್ಟ್ರಿಪ್ಪನ್ನು ಟೆಂಟಿನ ನೆತ್ತಿಯ ಕುಣಿಕೆಗಳಿಗೆ ದಾರದಲ್ಲಿ ಕಟ್ಟಿ ಕೆಳಮುಖ ಮಾಡಿದೆ. ಅಕ್ಕ ಹೊರಗೆ ನಿಂತು ಪರೀಕ್ಷೆ ಮಾಡಿ ಪಾಸ್ ಅಂದಳು.

ರೋಹಿಣಿ ಮಳೆ ಆಗಷ್ಟೇ ಹುಟ್ಟಿತ್ತು. ಊಟ ಆಗುವ ಹೊತ್ತಿಗೆ ಗಾಳಿ ಎದ್ದಿತು, ಕರೆಂಟ್ ಹೋಯಿತು. ಗುಡುಗು ಹತ್ತಿರ ಬಂದ ಕೂಡಲೇ ಎಲ್ಲರನ್ನೂ ಮನೆಯೊಳಗೆ ಅಟ್ಟಿದೆ. ಬಯಲಲ್ಲಿ ನಿಂತ ಟೆಂಟ್ ಸಿಡಿಲಿಗೆ ಯಾವ ರಕ್ಷಣೆಯೂ ಅಲ್ಲ. ಅಲ್ಲಿ ನೋಡಿದರೆ ಇನ್ವರ್ಟರ್ ಒಂದೇ ಸಮ ಕುಂಯ್ ಕುಂಯ್ ಅಂತಿತ್ತು, ಬ್ಯಾಟರಿ ಹಳತು. ಸ್ವಲ್ಪ ಹೊತ್ತಿಗೆ ಅದೂ ಮಲಗಿತು. ಇಡೀ ಊರು ಕತ್ತಲು. ಕಿಟಕಿಯಿಂದ ನೋಡಿದರೆ ಬ್ಯಾಣದಲ್ಲಿ ನಮ್ಮ ಖಾಲಿ ಟೆಂಟ್ ಎರಡೂ ಹಳದಿಯಾಗಿ ಉರಿಯುತ್ತಿವೆ. 'ಮನೆಯವರಿಗಿಲ್ಲ, ಟೆಂಟಿಗಿದೆ' ಅಂತ ಭಾವ ಗೊಣಗಿದರು.

ಅಕ್ಕನ ಅತ್ತೆ ಕತ್ತಲಲ್ಲೇ ಎಲೆ ಅಡಿಕೆಯ ಕವಳ ಹಾಕುತ್ತಾ ಕೂತಿದ್ದರು. ಅವರಿಗೆ ಇದೇನು ಹೊಸದಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವರು ಹುಡುಗಿ. ಈ ನೀರಿನಿಂದಲೇ ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವ್ಯಾಟ್ ತಯಾರಿಸಬಹುದು. ಆ ಕರೆಂಟು ಘಟ್ಟ ದಾಟಿ, ಊರೂರು ಸುತ್ತಿ, ಇವರ ಜಗುಲಿಗೆ ಬರುವಷ್ಟರಲ್ಲಿ ಇವರಿಗೆ ಮದುವೆಯಾಗಿ ಮಕ್ಕಳಾಗಿದ್ದವು. ಅಲ್ಲಿಯವರೆಗೆ ಚಿಮಣಿ ಬುಡ್ಡಿ, ಮದುವೆ ಮನೆಗೆ ಗ್ಯಾಸ್‌ಲೈಟ್. ಗುಡುಗು ದೂರ ಹೋದ ಮೇಲೆ ಅವರೇ ಎದ್ದು, 'ನಾನೂ ನಿಮ್ಮ ಡೇರೆಗೆ ಬರ್ತೆ' ಅಂದರು. ಮೊಮ್ಮಕ್ಕಳಿಗೆ ಹಬ್ಬ.

ಮಳೆ ನಿಂತ ಮೇಲೆ ಮಳೆಹುಳ ಎದ್ದವು. ಗೆದ್ದಲಿಗೆ ರೆಕ್ಕೆ ಬಂದು ಹಿಂಡು ಹಿಂಡಾಗಿ ದೀಪಕ್ಕೆ ಮುತ್ತುತ್ತವಲ್ಲ, ಅವು. ಇಲ್ಲಿ ವಾರ್ಮ್ ವೈಟ್ ತಂದಿದ್ದು ಕೆಲಸಕ್ಕೆ ಬಂತು. ನಾವು ಬಿಳಿ ಅನ್ನುವ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು. ಮೇಲೆ ಬಳಿದ ಹಳದಿ ಪುಡಿ ಅದರಲ್ಲಿ ಒಂದಷ್ಟನ್ನು ಹಳದಿಗೆ ತಿರುಗಿಸುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆ ನೀಲಿ ಎಲ್‌ಇಡಿಗಾಗಿಯೇ ಅಕಸಾಕಿ, ಅಮಾನೊ, ನಾಕಾಮುರಾ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಹುಳಗಳಿಗೂ ಆ ನೀಲಿ ಅಂದರೆ ಪ್ರೀತಿ. ಬೆಳಕು ಹಳದಿಯಾದಷ್ಟೂ ಬರುವುದು ಕಡಿಮೆ, ಪೂರ್ತಿ ನಿಲ್ಲುವುದಿಲ್ಲ.

ಅತ್ತೆ ನೊಬೆಲ್ ಕಥೆಗೆ ಕಾಯಲಿಲ್ಲ. ಆ ಬೆಳ್ಳಗಿನ ಚಾರ್ಜಿಂಗ್ ಲೈಟನ್ನು ಬೇಲಿಯ ದಣಪೆಯ ಹತ್ತಿರ ಇಡಿಸಿ, ಕೆಳಗೆ ನೀರು ತುಂಬಿದ ಹರಿವಾಣ ಇಡಲು ಹೇಳಿದರು. ಟೆಂಟಿನಿಂದ ದೂರ. ಹುಳಗಳೆಲ್ಲ ಆ ಕಡೆ ತಿರುಗಿದವು. ದೀಪಕ್ಕೆ ಬಡಿದು ನೀರಿಗೆ ಬಿದ್ದವು. ಬೆಳಿಗ್ಗೆ ಕೋಳಿಗಳಿಗೆ ಸಮಾರಾಧನೆ. ನಮ್ಮ ಟೆಂಟಿನ ಒದ್ದೆ ಬಟ್ಟೆಗೆ ಉದುರಿದ ರೆಕ್ಕೆಗಳಷ್ಟೇ ಅಂಟಿಕೊಂಡವು. ತೆಳ್ಳಗೆ, ಕಂದು ಗೆರೆ ಇರುವ ರೆಕ್ಕೆ, ಉಜ್ಜಿದರೆ ಹರಿಯುತ್ತದೆ, ಬಿಡುವುದಿಲ್ಲ.

ರಾತ್ರಿಗೆ ಕೆಂಪು ಲೈಟ್ ಒಳ್ಳೆಯದು ಅಂತ ಟ್ರೆಕ್ಕಿಂಗ್ ಮಾಡುವವರು ಹೇಳುತ್ತಾರೆ. ಮಾತು ನಿಜ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹತ್ತಿರ ಬೇಕು. ಒಂದು ಬಿಳಿ ಟಾರ್ಚ್ ಬಿದ್ದರೆ ಅಷ್ಟೂ ಹೋಯಿತು. ಮಂದ ಕೆಂಪು ಬೆಳಕು ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ. ಹಾಗಾಗಿ ಗಾಡಿಗೆ ಹಾಕುವ ಕೆಂಪು ಸ್ಟ್ರಿಪ್ಪಿನ ತುಂಡೊಂದನ್ನೂ ಒಯ್ದಿದ್ದೆ. ತೋಟದಂಚಿನ ಮಿಂಚುಹುಳ ನೋಡುವಾಗ ಅದನ್ನೇ ಹಚ್ಚಿದೆವು, ಚೆನ್ನಾಗಿತ್ತು. ಆದರೆ ಮಳೆ ಬಿದ್ದ ಮಲೆನಾಡಿನಲ್ಲಿ ಇನ್ನೊಂದು ಜೀವ ಇದೆ. ಅಕ್ಕನ ಮಗ ಕಾಲು ತುರಿಸುತ್ತೆ ಅಂದ. ಕೆಂಪು ಬೆಳಕಲ್ಲಿ ಎಷ್ಟು ಹುಡುಕಿದರೂ ಏನೂ ಕಾಣಲಿಲ್ಲ. ಬಿಳಿ ಟಾರ್ಚ್ ಬಿಟ್ಟರೆ ಬೆರಳ ಸಂದಿಯಲ್ಲಿ ಉಂಬಳ (ಜಿಗಣೆ) ಕುಡಿದು ಗುಂಡಗಾಗಿ ಕೂತಿದೆ, ಹೊದಿಕೆಯ ತುಂಬ ರಕ್ತ. ಕೆಂಪು ಬೆಳಕಲ್ಲಿ ಬಿಳಿ ಬಟ್ಟೆಯ ಮೇಲಿನ ರಕ್ತ ಕಾಣುವುದೇ ಇಲ್ಲ, ಕೆಂಪಲ್ಲಿ ಕೆಂಪು ಮುಳುಗಿಹೋಗುತ್ತದೆ. ಉಂಬಳ ಇರುವ ಕಡೆ ಆ ಸಲಹೆ ನಡೆಯುವುದಿಲ್ಲ. ಇನ್ನು ಹೊರಗೆ ಕಾಲಿಡುವಾಗಲಂತೂ ಒಳ್ಳೆಯ ಬಿಳಿ ಟಾರ್ಚೇ ಬೇಕು. ಕೊಳಕುಮಂಡಲ ಬಿದ್ದಿದ್ದರೆ ಎಲೆಯೋ ಹಾವೋ ತಿಳಿಯಬೇಕಲ್ಲ.

ಮಲಗುವ ಹೊತ್ತಿಗೆ ಅತ್ತೆ ನೆತ್ತಿ ನೋಡಿ, 'ಇದೆಂತಕ್ಕೆ ಮಾರಾಯ, ಇಷ್ಟೊಂದು? ಮಲಗೋರಿಗೆ ಮದುವೆ ಮನೆ ಬೆಳಕು ಬೇಕಾ?' ಅಂದರು. ಉರಿಯುತ್ತಿದ್ದದ್ದು ಬರೀ 2.4 ವ್ಯಾಟ್. ಹಾಗಂತ ಪೂರ್ತಿ ಆರಿಸಲೂ ಬಿಡಲಿಲ್ಲ. ರಾತ್ರಿ ಎದ್ದರೆ ಜಿಪ್ ಎಲ್ಲಿದೆ ಅಂತ ಕಾಣಬೇಕು ಅಂದರು. 12 ವೋಲ್ಟಿನ ಸ್ಟ್ರಿಪ್ಪನ್ನು ಪ್ರತಿ ಮೂರು ಎಲ್‌ಇಡಿಗೆ ಒಂದು ಕಡೆ ಕತ್ತರಿಸಬಹುದು. ತಾಮ್ರದ ಚುಕ್ಕಿಗಳ ನಡುವೆ ಸಣ್ಣ ಕತ್ತರಿ ಗುರುತು ಇರುತ್ತದೆ. ಉಳಿದಿದ್ದ ರೀಲಿನಿಂದ ಮೂರೇ ಎಲ್‌ಇಡಿಯ ತುಂಡು ಕತ್ತರಿಸಿದೆ, ಎರಡು ಇಂಚೂ ಇಲ್ಲ. ಸಿಲಿಕೋನ್ ಕೆರೆದು, ವೈರ್ ಸುತ್ತಿ, ಟೇಪ್ ಹಾಕಿದೆ. ಕರೆಂಟಿಲ್ಲದೆ ಬೆಸುಗೆ ಎಲ್ಲಿಂದ? ಜಿಪ್ಪಿನ ಪಕ್ಕ ನೆಲಕ್ಕೆ ಮುಖ ಮಾಡಿ ಕಟ್ಟಿದೆ. ಕಾಲು ವ್ಯಾಟ್. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಚಪ್ಪಲಿ ಕಂಡಿತು, ನೀರಿನ ತಂಬಿಗೆ ಕಂಡಿತು, ಅತ್ತೆಯ ಕವಳದ ಸಂಚಿ ಕಂಡಿತು. 'ಹಾಂ, ಇಷ್ಟು ಸಾಕು' ಅಂತ ಅವರು ಮಗ್ಗುಲಾದರು. ಆಮೇಲೆ ಪಕ್ಕದ ಟೆಂಟಿನವರೂ ತಮಗೊಂದು ಬೇಕು ಅಂದರು.

ಬೆಳಿಗ್ಗೆ ಭಾವ ಕಾಫಿ ಕುಡಿಯುವ ಮೊದಲೇ ಬಕೆಟ್ ಎತ್ತಿ ನೋಡಿದರು. ಮೀಟರ್ ಇಟ್ಟು ತೋರಿಸಿದೆ, 12.5 ವೋಲ್ಟ್. ತುಂಬಿದಾಗ 12.7 ಇರುತ್ತದೆ, ಅರ್ಧವಾದರೆ 12.2ಕ್ಕೆ ಬರುತ್ತದೆ. ಕಾಲು ಭಾಗವೂ ಖರ್ಚಾಗಿರಲಿಲ್ಲ. ಏನೂ ಮಾತಾಡದೆ ಬ್ಯಾಟರಿಯನ್ನು ಸ್ಪ್ರೇಯರಿಗೆ ತೂರಿಸಿ ತೋಟಕ್ಕೆ ಇಳಿದರು.

ಅತ್ತೆಗೆ ಆ ತುಂಡು ಈಗ ಬಚ್ಚಲ ದಾರಿಗೆ ಬೇಕಂತೆ. ಕರೆಂಟ್ ಹೋದಾಗಲೂ ಉರಿಯಬೇಕು. ಇನ್ವರ್ಟರ್ ಮೂಲಕ ಕೊಡುವುದು ದಂಡ. ಕಾಲು ವ್ಯಾಟಿನ ದೀಪಕ್ಕಾಗಿ 12 ವೋಲ್ಟನ್ನು 230ಕ್ಕೆ ಏರಿಸಿ ಮತ್ತೆ ಇಳಿಸಬೇಕು, ಇನ್ವರ್ಟರ್ ಸುಮ್ನೆ ಆನ್ ಇರುವುದಕ್ಕೇ ಅದರ ಎಷ್ಟೋ ಪಟ್ಟು ತಿನ್ನುತ್ತದೆ. ಅದರ ಬ್ಯಾಟರಿಯೂ 12 ವೋಲ್ಟಿನದೇ. ಇಡೀ ಮನೆಗೆ ಬೆಳಕು ಕೊಡಲಾಗದಷ್ಟು ಹಳತಾಗಿದ್ದರೂ ಮೂರು ಎಲ್‌ಇಡಿಗೆ ಸಾಕು. ನೇರ ಅಲ್ಲಿಂದಲೇ, ಅರ್ಧ ಆಂಪಿಯರ್ ಫ್ಯೂಸ್ ಹಾಕಿ ಎಳೆಯೋಣ ಅಂದೆ. ಬಚ್ಚಲ ತನಕ ಅಳೆದು ನೋಡಿದರೆ ವೈರ್ ಸಾಲಲಿಲ್ಲ. ಮುಂದಿನ ಸಲ ಶಿವಮೊಗ್ಗದಿಂದ ಬರುವಾಗ ತರುತ್ತೇನೆ ಅಂದಿದ್ದೇನೆ. ಅಕ್ಕ ಆಗಲೇ ಎರಡು ಸಲ ಫೋನ್ ಮಾಡಿ, ಕೊಟ್ಟಿಗೆಗೂ ಸೇರಿಸಿ ತಾ ಅಂದಿದ್ದಾಳೆ.