ಹಾಲ್‌ಗೆ ಸುಣ್ಣ: ಐದನೇ ವಾರ

ಮೈಸೂರಿನ ನಮ್ಮ ಹಳೆ ಮನೆಯ ಹಾಲ್ ಕಣ್ಣಿಗೆ ತಂಪಾಗಿ ಕಾಣಬೇಕು ಅಂತ ಕೆಲಸ ಶುರು ಮಾಡಿ ಇವತ್ತಿಗೆ ಐದು ವಾರ. ನಿಜವಾದ ಕೆಲಸ ಆಗಿದ್ದು ಎರಡು ವಾರ. ಉಳಿದ ದಿನಗಳು ಬಳಿದಿದ್ದನ್ನು ಕೆರೆಯುವುದರಲ್ಲೇ ಹೋದವು.

ಮೊದಲು ಎಡವಿದ್ದು ಬೂದು ಬಣ್ಣದಲ್ಲಿ. ಫೋಟೋ ನೋಡಿ ಮರುಳಾಗಿ ಕಿಟಕಿ ಎದುರಿನ ಗೋಡೆಗೆ ತಿಳಿ ಬೂದು ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್) ಬಳಿಸಿದೆ. ಹಗಲಲ್ಲಿ ಅದು ನಸುಗುಲಾಬಿ. ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ನೀಲಿ. ಅಮ್ಮ ಬಂದು ನೋಡಿ, "ಏನೇ ಇದು, ಒಲೆ ಬೂದಿ ಮೆತ್ತಿದ ಹಾಗಿದೆ" ಅಂದರು. ಬಣ್ಣದಂಗಡಿಯವನನ್ನು ಮನಸ್ಸಲ್ಲೇ ಬೈದುಕೊಂಡೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ನಮ್ಮದು ರೆಡ್ ಆಕ್ಸೈಡ್ ನೆಲ. ಮಧ್ಯಾಹ್ನದ ಬಿಸಿಲು ಬಿದ್ದರೆ ಅದರ ಕೆಂಪೆಲ್ಲ ಗೋಡೆಗೆ ಹೊಡೆಯುತ್ತದೆ. ಅನುಮಾನಕ್ಕೆ ಒಂದು ಬಿಳಿ ಪಂಚೆ ತಂದು ಬಿಸಿಲು ಬೀಳುವ ಕಡೆ ಹಾಸಿದೆ. ಗೋಡೆಯ ಗುಲಾಬಿ ತಟ್ಟನೆ ಇಳಿಯಿತು! ತಾತನ ಕಾಲದ ನೆಲ, ತೆಗೆಸುವ ಮಾತೇ ಇಲ್ಲ. ಹಾಗಾಗಿ ನೆಲಕ್ಕೆ ಹೊಂದುವ ಗೋಡೆಯೇ ಆಗಬೇಕು.

ರಾತ್ರಿಯ ನೀಲಿಗೆ ಮದ್ದು ಸುಲಭ. ನೀಲಿ ಛಾಯೆಯ ಬಿಳಿ ಬೆಳಕಿನ 6500 ಕೆಲ್ವಿನ್ ಟ್ಯೂಬ್ ತೆಗೆದು, ಹಳದಿ ಬೆಳಕಿನ 2700 ಕೆಲ್ವಿನ್ ಬಲ್ಬ್‌ಗಳನ್ನು ಹಾಕಿದೆ. ಅಮ್ಮ ಪೇಪರ್ ಓದುವ ಮೂಲೆಯಲ್ಲಿ ಮಾತ್ರ ಬಿಳಿ ದೀಪ ಉಳಿಸಿಕೊಂಡಿದ್ದೇನೆ, ಇಲ್ಲದಿದ್ದರೆ ಜಗಳ.

ಇನ್ನು ಸುಣ್ಣ. ಉಳಿದ ಮೂರು ಗೋಡೆಗಳಿಗೆ ಇದ್ದದ್ದು ಹಳೆ ಡಿಸ್ಟೆಂಪರ್. ನೀರು ಹಾಕಿ ನೆನೆಸಿ ಕೆರೆದರೆ ಬಂದುಬಿಡುತ್ತದೆ, ಆದರೆ ಭುಜ ಬಿದ್ದುಹೋಗುತ್ತದೆ. ಅರಳಿಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಂಡೆ. ಸುಣ್ಣಕ್ಕೆ ಚೂರು ನೀಲಿ ಬೆರೆಸುವುದು ವಾಡಿಕೆ, ಬೆಳ್ಳಗೆ ಹೊಳೆಯಲಿ ಅಂತ. ನಾನು ಅದರ ಬದಲು ಹಳದಿ ಆಕ್ಸೈಡ್ ಪುಡಿ ಹಾಕಿದೆ, ಹತ್ತು ಲೀಟರ್‌ಗೆ ಎರಡೇ ಚಮಚ. ಬಳಿದಾಗ ಕೊಳಕು ಹಳದಿ ಕಂಡು ಎದೆ ಧಸಕ್ಕೆಂದಿತು. ಒಣಗುತ್ತಾ ಹೋದ ಹಾಗೆ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅದಕ್ಕೆ ದಿನಗಳು ಬೇಕು, ಆತುರ ಪಟ್ಟರೆ ಬಟ್ಟೆಗೆಲ್ಲ ಅಂಟುತ್ತದೆ. ಮೂರು ಕೋಟ್ ಆಯಿತು. ಬ್ರಷ್ ಓಡಿದ ಗುರುತು ಹಾಗೇ ಉಳಿದಿದೆ. ನನಗೆ ಅದೇ ಇಷ್ಟ, ಸಂಜೆ ಬೆಳಕಿಗೆ ಗೋಡೆ ಉಸಿರಾಡಿದ ಹಾಗೆ ಕಾಣುತ್ತದೆ. ಗ್ಲೌಸ್ ಹಾಕದೆ ಬಳಿದ ಮೊದಲ ದಿನ ಬೆರಳ ತುದಿಗಳೆಲ್ಲ ಬಿರಿದವು. ಯಾರೂ ಹಾಗೆ ಮಾಡಬೇಡಿ, ಕಣ್ಣಿಗೆ ಸಿಡಿದರಂತೂ ಇನ್ನೂ ಅಪಾಯ.

ಬೆತ್ತದ ಕುರ್ಚಿಗೆ ಯಾರೋ ಹಿಂದೆ ಹೆಣೆಸಿದ್ದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಬೆತ್ತವನ್ನೇ ಹೆಣೆಸಿದೆ. ನೆನೆಸಿ ಹೆಣೆಯುತ್ತಾರೆ, ಒಣಗಿದ ಮೇಲೆ ತಾನೇ ಬಿಗಿಯಾಗುತ್ತದೆ. ಪಶ್ಚಿಮದ ಕಿಟಕಿಗೆ ಲಾವಂಚದ ಪರದೆ. ನೀರು ಚಿಮುಕಿಸಿದರೆ ಪರಿಮಳ, ತಂಪು ಎರಡೂ. ಆದರೆ ದಿನವಿಡೀ ಒದ್ದೆ ಇಟ್ಟರೆ ಬೂಸ್ಟು ಹಿಡಿಯುತ್ತದೆ.

ಗಿಡ ಒಂದೇ, ಸ್ನೇಕ್ ಪ್ಲಾಂಟ್. ಬೆಳಕು ಕಮ್ಮಿ ಇದ್ದರೂ ಬದುಕುತ್ತದೆ ಅಂತ ಇಟ್ಟಿದ್ದು, ಗಾಳಿ ಶುದ್ಧ ಮಾಡಲಿ ಅಂತಲ್ಲ. ಗಿಡಗಳು ಮನೆಯ ಗಾಳಿ ಶುದ್ಧ ಮಾಡುತ್ತವೆ ಅನ್ನಲು ಎಲ್ಲರೂ ಹೇಳುವ ಆ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಗಳೊಳಗೆ. ನಮ್ಮ ಹಾಲ್ ಬಾಗಿಲು ರಾತ್ರಿ ಮಲಗುವವರೆಗೂ ತೆರೆದೇ ಇರುತ್ತದೆ, ಅಲ್ವಾ?

ಬಾಕಿ ಇರುವುದು ಆ ಬೂದು ಗೋಡೆ. ಎಮಲ್ಷನ್ ಮೇಲೇ ಸುಣ್ಣ ಬಳಿದು ನೋಡಿದೆ, ಎರಡೇ ದಿನಕ್ಕೆ ಹಪ್ಪಳದ ಹಾಗೆ ಎದ್ದುಬಂತು. ಭಾನುವಾರ ಅದನ್ನು, ಬಣ್ಣದ ಕೆಳಗೆ ನುಣುಪಿಗೆ ಮೆತ್ತಿದ ಪುಟ್ಟಿ ಸಮೇತ, ಗಾರೆಯವರೆಗೂ ಕೆರೆಯಬೇಕು. ಬಾಗಿಲಲ್ಲಿ ಅಮ್ಮನ ಹಸಿರು ಪ್ಲಾಸ್ಟಿಕ್ ತೋರಣವೂ ಇನ್ನೂ ನೇತಾಡುತ್ತಿದೆ. ಅದರ ತಂಟೆಗೆ ನಾನು ಹೋಗಲ್ಲ.